ರಾಗವಿಲ್ಲದ ಗಂಟೆಗಳು: ಇಂಗ್ಲೆಂಡಿನ ಚೇಂಜ್ ರಿಂಗಿಂಗ್ ಅಂದರೇನು?

ಭಾನುವಾರ ಬೆಳಗ್ಗೆ ಇಂಗ್ಲೆಂಡಿನ ಯಾವುದಾದರೂ ಊರಿನಲ್ಲಿ ಹಳೇ ಚರ್ಚಿನ ಪಕ್ಕ ಹಾದು ಹೋದರೆ ಗಂಟೆಗಳ ಸದ್ದು ಕೇಳುವುದುಂಟು. ಒಂದೇ ಗಂಟೆಯಲ್ಲ. ಆರೋ ಎಂಟೋ ಗಂಟೆಗಳು ಒಂದರ ಬೆನ್ನಿಗೆ ಒಂದು, ಬಿಡುವೇ ಇಲ್ಲದೆ. ಮೊದಲ ಸಲ ಕೇಳಿದವರು ಯಾವುದೋ ಹಾಡು ಶುರುವಾಗುತ್ತದೆ ಎಂದು ಕಾಯುತ್ತಾರೆ. ಹಾಡು ಬರುವುದಿಲ್ಲ. ಐದು ನಿಮಿಷ ನಿಂತರೂ ಇಲ್ಲ, ಅರ್ಧ ತಾಸು ನಿಂತರೂ ಇಲ್ಲ. ಕೊನೆಗೆ, ಸುಮ್ನೆ ಮನಸ್ಸಿಗೆ ಬಂದ ಹಾಗೆ ಬಾರಿಸ್ತಿದ್ದಾರೆ ಅಂದುಕೊಂಡು ಹೊರಟುಬಿಡುತ್ತಾರೆ.

ಆದರೆ ಮನಸ್ಸಿಗೆ ಬಂದ ಹಾಗೆ ಬಾರಿಸುವುದಕ್ಕೆ ಅಲ್ಲಿ ಜಾಗವೇ ಇಲ್ಲ. ಯಾವ ಗಂಟೆ ಯಾವುದರ ನಂತರ ಬಡಿಯಬೇಕು ಎನ್ನುವುದು ಮೊದಲೇ ನಿರ್ಧಾರವಾಗಿರುತ್ತದೆ. ಒಮ್ಮೆ ಬಂದ ಕ್ರಮ ಇನ್ನೊಮ್ಮೆ ಬರಬಾರದು. ಕೆಳಗೆ ಹಗ್ಗ ಎಳೆಯುತ್ತಿರುವವರ ಮುಂದೆ ಕಾಗದವಿಲ್ಲ, ನೊಟೇಶನ್ ಇಲ್ಲ. ಎಲ್ಲವೂ ತಲೆಯಲ್ಲೇ. ಇದಕ್ಕೆ ಚೇಂಜ್ ರಿಂಗಿಂಗ್ ಎನ್ನುತ್ತಾರೆ. ಇದು ಹುಟ್ಟಿದ್ದು 17ನೇ ಶತಮಾನದ ಇಂಗ್ಲೆಂಡಿನಲ್ಲಿ. ಇವತ್ತಿಗೂ ಹೀಗೆ ಬಾರಿಸಲು ಬರುವಂಥ ಗೋಪುರಗಳು ಆ ದೇಶದಲ್ಲಿ ಐದು ಸಾವಿರಕ್ಕೂ ಹೆಚ್ಚಿವೆ. ಅದರ ಹೊರಗೆ ಇಡೀ ಪ್ರಪಂಚದಲ್ಲಿ ಕೆಲವು ನೂರು ಮಾತ್ರ.

ಇದನ್ನು ಗಣಿತದ ಕಲೆ ಎಂದು ಹೊಗಳುವವರು ಜಾಸ್ತಿ. ಗಣಿತ ಇದೆ, ಸುಳ್ಳಲ್ಲ. ಆದರೆ ನನಗೆ ಕಾಣುವಂತೆ ಈ ಕಲೆಯ ಬೇರು ಗಂಟೆಯ ತೂಕದಲ್ಲಿದೆ. ತೂಕ ಅರ್ಥವಾದರೆ ಮಿಕ್ಕ ನಿಯಮಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಅಲ್ಲಿಂದಲೇ ಶುರು ಮಾಡೋಣ.

ಯುರೋಪಿನ ಬೇರೆ ಕಡೆ ಚರ್ಚಿನ ಗಂಟೆಗಳನ್ನು ಸ್ವಲ್ಪ ಅತ್ತಿತ್ತ ತೂಗಿ ಬಾರಿಸುತ್ತಾರೆ. ಬೆಲ್ಜಿಯಂ, ನೆದರ್ಲೆಂಡ್ಸ್‌ಗಳಲ್ಲಿ ಗಂಟೆಗಳನ್ನು ಅಲ್ಲಾಡದಂತೆ ಕಟ್ಟಿ, ಒಬ್ಬರೇ ಕುಳಿತು ಹಿಡಿಗಳನ್ನು ಒತ್ತಿ ಹಾಡು ನುಡಿಸುತ್ತಾರೆ. ಇಂಗ್ಲೆಂಡಿನಲ್ಲಿ ಗಂಟೆಯನ್ನು ಒಂದು ಇಡೀ ಚಕ್ರಕ್ಕೆ ಕಟ್ಟುತ್ತಾರೆ. ದೊಡ್ಡ ಗಂಟೆಯಾದರೆ ಆ ಚಕ್ರ ಆಳಿಗಿಂತ ಎತ್ತರ ಇರುತ್ತದೆ. ಬಾರಿಸಲು ಶುರು ಮಾಡುವ ಮುಂಚೆ ಗಂಟೆಯನ್ನು ತೂಗಿ ತೂಗಿ ಮೇಲಕ್ಕೆತ್ತಿ, ಬಾಯಿ ಆಕಾಶಕ್ಕೆ ಮಾಡಿ ನಿಲ್ಲಿಸುತ್ತಾರೆ. ಹಾಗೆ ತಲೆಕೆಳಗಾಗಿ ನಿಂತ ಗಂಟೆ ಹಿಂದಕ್ಕೆ ಮಗುಚಿಕೊಳ್ಳದಂತೆ ಒಂದು ಮರದ ತುಂಡು ತಡೆಯುತ್ತದೆ. ಅದಕ್ಕೆ ಸ್ಟೇ ಎಂದು ಹೆಸರು.

ಚಕ್ರದ ಅಂಚಿಗೆ ಸುತ್ತಿದ ಹಗ್ಗ ಛಾವಣಿಯ ತೂತಿನಿಂದ ಕೆಳಗಿನ ಕೋಣೆಗೆ ಇಳಿಯುತ್ತದೆ. ಬಾರಿಸುವವರು ನಿಲ್ಲುವುದು ಆ ಕೋಣೆಯಲ್ಲಿ, ವೃತ್ತಾಕಾರವಾಗಿ. ಒಬ್ಬರಿಗೆ ಒಂದು ಗಂಟೆ. ಗಂಟೆ ಯಾರ ಕಣ್ಣಿಗೂ ಕಾಣುವುದಿಲ್ಲ, ಹಗ್ಗ ಮಾತ್ರ ಕಾಣುತ್ತದೆ. ಹಗ್ಗದ ಒಂದು ಕಡೆ ಉಣ್ಣೆಯ ದಪ್ಪ ಹಿಡಿ ಇರುತ್ತದೆ, ಬಣ್ಣದ ಪಟ್ಟೆಗಳದ್ದು. ಅದು ಸ್ಯಾಲಿ.

ಸ್ಯಾಲಿ ಹಿಡಿದು ಎಳೆದರೆ ಮೇಲೆ ಗಂಟೆ ಸಮತೋಲ ತಪ್ಪಿ ಉರುಳುತ್ತದೆ, ಪೂರ್ತಿ ಒಂದು ಸುತ್ತು ಹೊಡೆದು ಮತ್ತೆ ಬಾಯಿ ಮೇಲೆ ಮಾಡಿ ನಿಲ್ಲುತ್ತದೆ. ಈ ಒಂದು ಸುತ್ತಿಗೆ ನಾಲಿಗೆ ಒಂದೇ ಸಲ ಬಡಿಯುತ್ತದೆ. ಅಷ್ಟರಲ್ಲಿ ಹಗ್ಗ ಚಕ್ರಕ್ಕೆ ಸುತ್ತಿಕೊಂಡು ಮೇಲೆ ಹೋಗಿರುತ್ತದೆ. ಸ್ಯಾಲಿಯನ್ನು ಬಿಟ್ಟು ಹಗ್ಗದ ತುದಿಯನ್ನಷ್ಟೇ ಹಿಡಿದ ಕೈಗಳು ತಲೆಯ ಮೇಲೆ ಚಾಚಿಕೊಂಡಿರುತ್ತವೆ. ಈಗ ಆ ತುದಿಯನ್ನು ಎಳೆದರೆ ಗಂಟೆ ವಾಪಸ್ಸು ಒಂದು ಸುತ್ತು, ಮತ್ತೊಂದು ಬಡಿತ, ಸ್ಯಾಲಿ ಮತ್ತೆ ಕೈಗೆ. ಮೊದಲನೆಯದು ಹ್ಯಾಂಡ್‌ಸ್ಟ್ರೋಕ್, ಎರಡನೆಯದು ಬ್ಯಾಕ್‌ಸ್ಟ್ರೋಕ್. ಎಷ್ಟೇ ಹೊತ್ತು ಬಾರಿಸಿದರೂ ಈ ಎರಡೇ ಚಲನೆ.

ಇದಕ್ಕೆ ತೋಳ್ಬಲ ಬೇಕು ಅಂದುಕೊಂಡರೆ ತಪ್ಪು. ಹತ್ತು ಹನ್ನೆರಡು ವರ್ಷದ ಮಕ್ಕಳೂ ತಮ್ಮ ತೂಕದ ಎಷ್ಟೋ ಪಟ್ಟು ತೂಗುವ ಗಂಟೆಯನ್ನು ಬಾರಿಸುತ್ತಾರೆ. ಬೇಕಾಗಿರುವುದು ಹದ. ಹದ ತಪ್ಪಿ ಜೋರಾಗಿ ಎಳೆದರೆ ಗಂಟೆ ಸ್ಟೇಗೆ ಗುದ್ದಿ ಅದನ್ನು ಮುರಿದುಕೊಂಡು ಸುತ್ತುತ್ತಲೇ ಹೋಗಬಹುದು. ಆಗ ಹಗ್ಗ ಸರ್ರನೆ ಛಾವಣಿಗೆ ಏರುತ್ತದೆ. ಹಿಡಿದುಕೊಂಡೇ ಇದ್ದರೆ ಮನುಷ್ಯನನ್ನೂ ಎಳೆದುಕೊಂಡು ಹೋಗುತ್ತದೆ. ಅದಕ್ಕೇ ಹೊಸಬರಿಗೆ ಮೊದಲ ದಿನವೇ ಹೇಳಿಕೊಡುತ್ತಾರೆ: ಏನಾದರೂ ಎಡವಟ್ಟಾದರೆ ಹಗ್ಗ ಬಿಟ್ಟುಬಿಡಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ಹಬ್ಬದಲ್ಲಿ ಕಟ್ಟುವ ಉಯ್ಯಾಲೆಯನ್ನು ನೆನಪಿಸಿಕೊಳ್ಳಿ. ಜೋರಾಗಿ ಜೀಕಿದಾಗ ತೀರಾ ಮೇಲಿನ ತುದಿಯಲ್ಲಿ ಅದು ಒಂದು ಕ್ಷಣ ನಿಂತ ಹಾಗಾಗುತ್ತದೆ ಅಲ್ವಾ? ಗಂಟೆಯೂ ಹಾಗೆಯೇ. ಸಮತೋಲದ ತುದಿಗೆ ತೀರಾ ಹತ್ತಿರ ಹೋಗಲು ಬಿಟ್ಟರೆ ಸ್ವಲ್ಪ ತಡವಾಗಿ ವಾಪಸ್ಸು ಬರುತ್ತದೆ. ಅದಕ್ಕಿಂತ ಮುಂಚೆಯೇ ಹಗ್ಗ ಹಿಡಿದು ತಡೆದರೆ ಸ್ವಲ್ಪ ಬೇಗ ಬರುತ್ತದೆ. ಒಂದು ಸುತ್ತಿಗೆ ಸುಮಾರು ಎರಡು ಸೆಕೆಂಡು. ಅದನ್ನು ಒಂದಿಷ್ಟು ಹಿಗ್ಗಿಸಬಹುದು, ಒಂದಿಷ್ಟು ಕುಗ್ಗಿಸಬಹುದು. ಬಾರಿಸುವವರ ಕೈಯಲ್ಲಿರುವ ಹಿಡಿತ ಇಷ್ಟೇ.

ಹಾಡು ಏಕೆ ಬರುವುದಿಲ್ಲ ಎನ್ನುವುದಕ್ಕೆ ಉತ್ತರ ಇಲ್ಲಿದೆ. ಹಾಡಿನಲ್ಲಿ ಒಂದೇ ಸ್ವರ ಪಟಪಟನೆ ಎರಡು ಸಲ ಬರಬೇಕಾಗಬಹುದು, ಇನ್ನೊಂದು ಸ್ವರ ಬಹಳ ಹೊತ್ತು ಸುಮ್ಮನಿರಬೇಕಾಗಬಹುದು. ಸುತ್ತು ಹೊಡೆಯುತ್ತಿರುವ ಅರ್ಧ ಟನ್ನಿನ ಗಂಟೆಗೆ ಎರಡೂ ಆಗದು. ಎಲ್ಲ ಗಂಟೆಗಳೂ ಒಂದರ ನಂತರ ಒಂದು ಬಡಿದು ಮುಗಿಸಿದರೆ ಅದು ಒಂದು ಸಾಲು. ಆ ಸಾಲಿನಲ್ಲಿ ಪ್ರತಿ ಗಂಟೆಯೂ ಒಂದೇ ಸಲ ಬಡಿಯಬಲ್ಲದು. ಮುಂದಿನ ಸಾಲಿನಲ್ಲಿ ತನ್ನ ಸ್ಥಾನದಲ್ಲೇ ಉಳಿಯಬಹುದು, ಇಲ್ಲವೇ ಒಂದು ಸ್ಥಾನ ಹಿಂದೆ ಅಥವಾ ಒಂದು ಸ್ಥಾನ ಮುಂದೆ ಸರಿಯಬಹುದು. ಅದಕ್ಕಿಂತ ಜಾಸ್ತಿ ಸರಿಸುವುದು ಕಷ್ಟ. ಈ ಎರಡು ನಿಯಮಗಳನ್ನು ತೂಕವೇ ಹಾಕಿಕೊಟ್ಟಿತು. ಮೂರನೆಯದನ್ನು ಮನುಷ್ಯರು ತಾವಾಗಿ ಸೇರಿಸಿಕೊಂಡರು: ಒಮ್ಮೆ ಬಾರಿಸಿದ ಸಾಲನ್ನು ಮತ್ತೆ ಬಾರಿಸಬಾರದು. ಈ ಮೂರನೆಯ ಹಠದಿಂದಲೇ ಸಾಧಾರಣ ಸದ್ದು ಒಂದು ಕಲೆಯಾಯಿತು ಎನ್ನುವುದು ನನ್ನ ಅನಿಸಿಕೆ.

ಗಂಟೆಗಳಿಗೆ ಸಣ್ಣದರಿಂದ ದೊಡ್ಡದಕ್ಕೆ 1, 2, 3 ಎಂದು ಸಂಖ್ಯೆ. ಅತಿ ಹಗುರದ್ದು ಟ್ರೆಬಲ್, ಅತಿ ಭಾರದ್ದು ಟೆನರ್. ಎಂಟು ಗಂಟೆಗಳನ್ನು ಸಂಖ್ಯೆಯ ಕ್ರಮದಲ್ಲೇ ಬಾರಿಸಿದರೆ ತಾರಸ್ಥಾಯಿಯ ಷಡ್ಜದಿಂದ ಕೆಳಗಿಳಿಯುವ ಶಂಕರಾಭರಣದ ಅವರೋಹಣ ಕೇಳಿಸುತ್ತದೆ. ಇದಕ್ಕೆ ರೌಂಡ್ಸ್ ಎನ್ನುತ್ತಾರೆ. ಎಲ್ಲವೂ ಶುರುವಾಗುವುದು ರೌಂಡ್ಸ್‌ನಿಂದ, ಮುಗಿಯುವುದೂ ಅದರಲ್ಲೇ.

ನಾಲ್ಕೇ ಗಂಟೆ ಇಟ್ಟುಕೊಂಡು ಒಂದು ಲೆಕ್ಕ ಮಾಡಿ ನೋಡೋಣ. ಕೈಯಲ್ಲಿ ಪೆನ್ನು ಕಾಗದ ಇದ್ದರೆ ಇನ್ನೂ ಒಳ್ಳೆಯದು. 1234 ಬರೆಯಿರಿ. ಮೊದಲು ಎರಡೂ ಜೋಡಿಗಳನ್ನು ಅದಲುಬದಲು ಮಾಡಿ: 2143. ಆಮೇಲೆ ನಡುವಿನ ಎರಡನ್ನು ಮಾತ್ರ: 2413. ಮತ್ತೆ ಎರಡೂ ಜೋಡಿ, ಮತ್ತೆ ನಡುವಿನದು. ಹೀಗೇ ಮುಂದುವರಿಸಿ.

1 2 3 4
2 1 4 3
2 4 1 3
4 2 3 1
4 3 2 1
3 4 1 2
3 1 4 2
1 3 2 4
1 2 3 4

ಎಂಟು ಹೆಜ್ಜೆಗೆ ಶುರುವಾದಲ್ಲಿಗೇ ಬಂದೆವು. ಈಗ 1ನೇ ಗಂಟೆಯನ್ನು ಮಾತ್ರ ಬೆರಳಿಟ್ಟು ಹಿಂಬಾಲಿಸಿ. ಮೊದಲನೇ ಸ್ಥಾನದಿಂದ ಒಂದೊಂದೇ ಮೆಟ್ಟಿಲು ಸರಿದು ಕೊನೆಗೆ ಹೋಗುತ್ತದೆ, ಅಲ್ಲಿ ಒಂದು ಸಾಲು ಹೆಚ್ಚಿಗೆ ನಿಲ್ಲುತ್ತದೆ, ಮತ್ತೆ ಮೆಟ್ಟಿಲು ಮೆಟ್ಟಿಲಾಗಿ ಮುಂದಕ್ಕೆ ಬರುತ್ತದೆ. ಮಿಕ್ಕ ಗಂಟೆಗಳೂ ಇದೇ ದಾರಿ ತುಳಿಯುತ್ತವೆ, ಬೇರೆ ಬೇರೆ ಜಾಗದಿಂದ ಹೊರಟಿರುತ್ತವೆ ಅಷ್ಟೇ. ಇದು ಪ್ಲೇನ್ ಹಂಟ್. ಎಲ್ಲ ರಿಂಗರ್‌ಗಳೂ ಮೊದಲು ಕಲಿಯುವ ಪಾಠ.

ಆದರೆ ನಾಲ್ಕು ಗಂಟೆಗಳನ್ನು ಒಟ್ಟು 24 ಬಗೆಯಲ್ಲಿ ಜೋಡಿಸಬಹುದು. ನಮಗೆ ಸಿಕ್ಕಿದ್ದು ಎಂಟೇ. ಉಳಿದ ಹದಿನಾರನ್ನು ಹೇಗೆ ಹಿಡಿಯುವುದು? ಒಂದೇ ಒಂದು ಸಣ್ಣ ಬದಲಾವಣೆ ಸಾಕು. 1324ಕ್ಕೆ ಬಂದಾಗ ನಡುವಿನ ಎರಡನ್ನು ಬದಲಿಸುವ ಬದಲು ಕೊನೆಯ ಎರಡನ್ನು ಬದಲಿಸಿ. 1342 ಬರುತ್ತದೆ. ಅಲ್ಲಿಂದ ಮತ್ತೆ ಹಳೇ ಹಂಟ್ ಶುರು ಮಾಡಿ: 3124, 3214, 2341, 2431, 4213, 4123, 1432. 1ನೇ ಗಂಟೆ ಮತ್ತೆ ಮುಂದೆ ಬಂತು. ಮತ್ತೆ ಅದೇ ಉಪಾಯ: ಕೊನೆಯ ಎರಡನ್ನು ಬದಲಿಸಿ, 1423. ಮೂರನೇ ಸಲ ಹೀಗೆ ಮಾಡಿದಾಗ ರೌಂಡ್ಸ್ ವಾಪಸ್ಸು ಬರುತ್ತದೆ. ಅಷ್ಟರಲ್ಲಿ ಇಪ್ಪತ್ತನಾಲ್ಕೂ ಸಾಲುಗಳು ಬಂದಿರುತ್ತವೆ. ಒಂದೂ ತಪ್ಪಿಲ್ಲ, ಒಂದೂ ಎರಡು ಸಲ ಬಂದಿಲ್ಲ. ನಿಜಕ್ಕೂ ಬರೆದು ನೋಡಿ. ಕೊನೆಯ ಸಾಲು 1234 ಎಂದು ಬಂದು ಕೂತಾಗ ಸಿಗುವ ಖುಷಿಯೇ ಬೇರೆ.

ಈ ಕ್ರಮಕ್ಕೆ ಪ್ಲೇನ್ ಬಾಬ್ ಎಂದು ಹೆಸರು. ಇಂಥ ಒಂದೊಂದು ಕ್ರಮವನ್ನೂ ಮೆಥಡ್ ಎನ್ನುತ್ತಾರೆ. ಗ್ರ್ಯಾಂಡ್‌ಸೈರ್, ಸ್ಟೆಡ್‌ಮನ್, ಕೇಂಬ್ರಿಜ್ ಸರ್‌ಪ್ರೈಸ್ ಹೀಗೆ ಮೆಥಡ್‌ಗಳು ಸಾವಿರಗಟ್ಟಲೆ ಇವೆ. ಗಂಟೆಗಳ ಸಂಖ್ಯೆಗೂ ಬೇರೆ ಹೆಸರಿದೆ. ಆರು ಗಂಟೆಯದು ಮೈನರ್, ಏಳರದು ಟ್ರಿಪಲ್ಸ್, ಎಂಟರದು ಮೇಜರ್, ಹನ್ನೆರಡರದು ಮ್ಯಾಕ್ಸಿಮಸ್. ‘ಪ್ಲೇನ್ ಬಾಬ್ ಮೈನರ್’ ಎಂದರೆ ಆರು ಗಂಟೆಗಳ ಪ್ಲೇನ್ ಬಾಬ್, ಅಷ್ಟೇ.

ಗಂಟೆಗಳ ಸಂಖ್ಯೆ ಏರಿದಂತೆ ಲೆಕ್ಕ ಕೈ ಮೀರುತ್ತದೆ. ಐದಕ್ಕೆ 120 ಸಾಲು. ಆರಕ್ಕೆ 720, ಬಾರಿಸಲು ಅರ್ಧ ತಾಸಿನ ಹತ್ತಿರ ಬೇಕು. ಏಳಕ್ಕೆ 5040, ಸುಮಾರು ಮೂರು ತಾಸು. ಎಂಟಕ್ಕೆ 40,320. ಹನ್ನೆರಡಕ್ಕೆ 47 ಕೋಟಿಗೂ ಹೆಚ್ಚು ಸಾಲು. ನಿಲ್ಲಿಸದೆ ಬಾರಿಸಿದರೂ ಮೂವತ್ತು ವರ್ಷ ಸಾಲದು.

ಈ 5040 ನಮ್ಮ ಸಂಗೀತ ಬಲ್ಲವರಿಗೂ ಪರಿಚಯದ ಸಂಖ್ಯೆ. 13ನೇ ಶತಮಾನದಲ್ಲಿ ದೇವಗಿರಿಯ ಸೇವುಣ ದೊರೆ ಸಿಂಘಣನ ಆಶ್ರಯದಲ್ಲಿದ್ದ ಸಂಗೀತಶಾಸ್ತ್ರಜ್ಞ ಶಾರ್ಙ್ಗದೇವ ಏಳು ಸ್ವರಗಳ ಪ್ರಸ್ತಾರ ಮಾಡಿ, ಅಂದರೆ ಅವುಗಳನ್ನು ಸಾಧ್ಯವಿರುವ ಎಲ್ಲ ಕ್ರಮಗಳಲ್ಲೂ ಜೋಡಿಸಿ, ಒಟ್ಟು 5040 ಎಂದು ಬರೆದಿಟ್ಟಿದ್ದಾನೆ. ಎಷ್ಟನೆಯ ಸಾಲು ಯಾವುದು ಎಂದು ಕಂಡುಹಿಡಿಯುವ ದಾರಿಯನ್ನೂ ಕೊಟ್ಟಿದ್ದಾನೆ. ಆದರೆ ಹಾಡುವ ಗಂಟಲಿಗೆ ಸ್ವರದ ಭಾರವಿಲ್ಲ. ಯಾವ ಸಾಲಿನಿಂದ ಯಾವ ಸಾಲಿಗಾದರೂ ಜಿಗಿಯಬಹುದು. ಗಂಟೆಯವರಿಗೆ ಆ ಸ್ವಾತಂತ್ರ್ಯವಿಲ್ಲ. ಒಂದೊಂದೇ ಹೆಜ್ಜೆ ಸರಿಯುತ್ತಾ 5040ನ್ನೂ ಮುಟ್ಟಿ ಬರುವ ದಾರಿ ಹುಡುಕಬೇಕು. ಅವರ ಗಣಿತ ಬೇರೆಯಾಗಿ ಬೆಳೆದದ್ದು ಇದರಿಂದ.

ಐದು ಸಾವಿರಕ್ಕೆ ಕಡಿಮೆಯಿಲ್ಲದಷ್ಟು ಸಾಲುಗಳನ್ನು ಒಂದೂ ಮರುಕಳಿಸದಂತೆ, ಮಧ್ಯೆ ನಿಲ್ಲಿಸದೆ ಬಾರಿಸಿದರೆ ಅದನ್ನು ಪೀಲ್ ಎನ್ನುತ್ತಾರೆ. ಹೀಗೆ ಸರಿಯಾಗಿ ಬಾರಿಸಿದ ಮೊದಲ ಪೀಲ್ ಎಂದು ಹೆಸರಾಗಿರುವುದು ನಾರಿಚ್ ನಗರದ ಸೇಂಟ್ ಪೀಟರ್ ಮ್ಯಾನ್‌ಕ್ರಾಫ್ಟ್ ಚರ್ಚಿನದು. 1715ರ ಮೇ 2ರಂದು ಅಲ್ಲಿ 5040 ಸಾಲುಗಳು ಮೂರು ತಾಸಿಗೂ ಹೆಚ್ಚು ಹೊತ್ತು ಮೊಳಗಿದವು. ಮೂರು ತಾಸು ಎಂದರೆ ಸುಮ್ಮನೆ ಅಲ್ಲ. ನೀರು ಕುಡಿಯುವ ಹಾಗಿಲ್ಲ, ಕೂರುವ ಹಾಗಿಲ್ಲ, ಗಮನ ಒಂದು ಕ್ಷಣವೂ ಜಾರುವ ಹಾಗಿಲ್ಲ. ಒಬ್ಬರು ದಾರಿ ತಪ್ಪಿ ಸರಿಪಡಿಸಲಾಗದಷ್ಟು ಗೊಂದಲವಾದರೆ, ಎರಡೂವರೆ ತಾಸು ಕಳೆದಿದ್ದರೂ ಅಲ್ಲಿಗೇ ನಿಲ್ಲಿಸಬೇಕು.

ಎಂಟು ಗಂಟೆಗಳ 40,320 ಸಾಲನ್ನು ಪೂರ್ತಿ ಬಾರಿಸುವ ಸಾಹಸವೂ ನಡೆದಿದೆ. 1963ರ ಜುಲೈ ಕೊನೆಯಲ್ಲಿ, ಲಫ್‌ಬರೋ ಊರಿನ ಗಂಟೆ ಎರಕದ ಕಾರ್ಖಾನೆಯ ಗೋಪುರದಲ್ಲಿ. ಎಂಟು ಜನ. ಹಗಲು ಕಳೆದು ರಾತ್ರಿ ಕಳೆದು, 17 ತಾಸು 58 ನಿಮಿಷ. ಯಾರೂ ಹಗ್ಗವನ್ನು ಇನ್ನೊಬ್ಬರ ಕೈಗೆ ದಾಟಿಸಲಿಲ್ಲ.

ಇಷ್ಟನ್ನೆಲ್ಲ ನೆನಪಿಟ್ಟುಕೊಳ್ಳುವುದು ಹೇಗೆ? ಐದು ಸಾವಿರ ಸಾಲನ್ನು ಯಾರೂ ಬಾಯಿಪಾಠ ಮಾಡುವುದಿಲ್ಲ. ಕಲಿಯುವುದು ತಮ್ಮ ಗಂಟೆ ನಡೆಯುವ ದಾರಿಯನ್ನು. ಸಂಖ್ಯೆಗಳ ಪಟ್ಟಿಯಲ್ಲಿ ಒಂದು ಗಂಟೆಯನ್ನು ಹಿಡಿದು ಮೇಲಿನಿಂದ ಕೆಳಗೆ ಗೆರೆ ಎಳೆದರೆ ಒಂದು ವಂಕಿವಂಕಿ ಚಿತ್ರ ಬರುತ್ತದೆ. ಅದಕ್ಕೆ ಬ್ಲೂ ಲೈನ್ ಎನ್ನುತ್ತಾರೆ. ಎಲ್ಲಿ ಹಿಂದೆ ಸರಿಯಬೇಕು, ಎಲ್ಲಿ ಒಂದು ಹೆಜ್ಜೆ ವಾಪಸ್ಸಿಟ್ಟು ಮತ್ತೆ ಹೊರಡಬೇಕು ಎನ್ನುವುದೆಲ್ಲ ಆ ಗೆರೆಯಲ್ಲಿದೆ. ಬಸ್ಸಿನಲ್ಲಿ ಕೂತು, ಅಡುಗೆ ಮಾಡುತ್ತಾ ಅದನ್ನೇ ಮೆಲುಕು ಹಾಕುವವರಿದ್ದಾರೆ. ಗೆರೆಯನ್ನಷ್ಟೇ ಅನುಸರಿಸಿದರೆ ಪ್ಲೇನ್ ಬಾಬ್ ಮೈನರ್ 60 ಸಾಲಿಗೆ ಮುಗಿದುಹೋಗುತ್ತದೆ. ಅದನ್ನು 720ಕ್ಕೆ ಹಿಗ್ಗಿಸಲು ಗುಂಪಿನಲ್ಲೊಬ್ಬರು ಗೊತ್ತಾದ ಜಾಗಗಳಲ್ಲಿ ‘ಬಾಬ್!’ ಅಥವಾ ‘ಸಿಂಗಲ್!’ ಎಂದು ಕೂಗುತ್ತಾರೆ. ಆ ಕೂಗು ಬಿದ್ದ ಕೂಡಲೇ ಕೆಲವು ಗಂಟೆಗಳು ಬೇರೆ ದಾರಿ ಹಿಡಿಯುತ್ತವೆ. ಕೂಗುವವರೂ ತಮ್ಮ ಗಂಟೆ ಬಾರಿಸುತ್ತಲೇ ಇರುತ್ತಾರೆ. ಎಲ್ಲರ ದಾರಿಯ ಮೇಲೂ ಕಣ್ಣಿಟ್ಟು, ತಪ್ಪಿದವರನ್ನು ಹೆಸರು ಹಿಡಿದು ಕರೆದು ಸರಿ ಮಾಡುವುದೂ ಅವರೇ. ನನ್ನ ಪಾಲಿಗೆ ಇಡೀ ಕಲೆಯಲ್ಲಿ ಅತಿ ದೊಡ್ಡ ಅಚ್ಚರಿ ಇದು.

ಇನ್ನೊಂದು ವಿದ್ಯೆ ಪುಸ್ತಕದಿಂದ ಬರುವುದಿಲ್ಲ. ಸುತ್ತಲೂ ಏಳು ಹಗ್ಗಗಳು ಏರಿ ಇಳಿಯುತ್ತಿರುವಾಗ, ಈಗ ಯಾವ ಹಗ್ಗದ ಹಿಂದೆ ನನ್ನದು ಇಳಿಯಬೇಕು ಎಂದು ಕಣ್ಣಿಗೆ ಹೊಳೆಯಬೇಕು. ಇದನ್ನು ರೋಪ್‌ಸೈಟ್ ಎನ್ನುತ್ತಾರೆ. ಕಲಿಯುವವರಿಗೆ ತಿಂಗಳುಗಟ್ಟಲೆ ಬರೀ ಹಗ್ಗಗಳ ಗೋಜಲು ಕಾಣುತ್ತದೆ.

ಇದು ಇಂಗ್ಲೆಂಡಿನಲ್ಲೇ ಏಕೆ ಹುಟ್ಟಿತು? 16ನೇ ಶತಮಾನದಲ್ಲಿ ಆ ದೇಶ ರೋಮಿನ ಚರ್ಚಿನಿಂದ ಬೇರೆಯಾಯಿತು. ಹಳೇ ಪೂಜಾವಿಧಿಗಳ ಜೊತೆ ಗಂಟೆಗಳಿಗಿದ್ದ ಎಷ್ಟೋ ಕೆಲಸಗಳೂ ನಿಂತುಹೋದವು. ಗೋಪುರದಲ್ಲಿ ಗಂಟೆಗಳು ಉಳಿದವು. ಇಡೀ ಚಕ್ರದ ಜೋಡಣೆ ಹರಡಿದ ಮೇಲೆ ಊರಿನ ಗಂಡಸರು ಅವನ್ನು ಆಟವಾಗಿ, ವ್ಯಾಯಾಮವಾಗಿ ಬಾರಿಸತೊಡಗಿದರು. 1637ರಲ್ಲಿ ಲಂಡನ್ನಿನಲ್ಲಿ ಕಾಲೇಜ್ ಯೂತ್ಸ್ ಎಂಬ ಸಂಘ ಹುಟ್ಟಿತು, ಈಗಲೂ ಇದೆ. 1668ರಲ್ಲಿ ಈ ಕಲೆಯ ಮೊದಲ ಪುಸ್ತಕ ಬಂತು. ಅದರ ಪ್ರಕಟಣೆಯ ಹಿಂದಿದ್ದವನು ಫೇಬಿಯನ್ ಸ್ಟೆಡ್‌ಮನ್ ಎಂಬ ಮುದ್ರಣದ ಕೆಲಸಗಾರ. 1677ರಲ್ಲಿ ತಾನೇ ಇನ್ನೊಂದನ್ನು ಬರೆದ. ಅದಲುಬದಲಿನ ಇಂಥ ಲೆಕ್ಕಕ್ಕೆ ಗಣಿತಜ್ಞರು ಒಂದು ಶಾಸ್ತ್ರ ಕಟ್ಟಿದ್ದು ಅದಕ್ಕಿಂತ ನೂರಕ್ಕೂ ಹೆಚ್ಚು ವರ್ಷಗಳ ನಂತರ.

ಆಗಿನ ಗಂಟೆಯವರು ಭಕ್ತರೇನಲ್ಲ. ಗೋಪುರದಲ್ಲೇ ಬಿಯರ್ ಕುಡಿಯುತ್ತಿದ್ದರು. ಗಂಟೆ ಬಾರಿಸಿ ಪ್ರಾರ್ಥನೆಗೆ ನಿಲ್ಲದೆ ಹೊರಟುಬಿಡುತ್ತಾರೆ ಎಂದು ಪಾದ್ರಿಗಳು ಗೊಣಗುತ್ತಿದ್ದರು. ಕೆಲವು ಗೋಪುರಗಳ ಗೋಡೆಯ ಮೇಲೆ ಪದ್ಯರೂಪದ ನಿಯಮಗಳು ಇವತ್ತಿಗೂ ಇವೆ. ಟೋಪಿ ಹಾಕಿಕೊಂಡು ಬಾರಿಸಿದರೆ ದಂಡ, ಕುದುರೆ ಸವಾರಿಯ ಮುಳ್ಳು ಕಳಚದೆ ಬಾರಿಸಿದರೆ ದಂಡ, ಗಂಟೆ ಮಗುಚಿಸಿದರೆ ದಂಡ. 19ನೇ ಶತಮಾನದಲ್ಲಿ ಚರ್ಚುಗಳು ಇದಕ್ಕೆಲ್ಲ ಒಂದು ಶಿಸ್ತು ತಂದವು. 1896ರಲ್ಲಿ ಆಲಿಸ್ ವೈಟ್ ಪೀಲ್ ಬಾರಿಸಿದ ಮೊದಲ ಹೆಣ್ಣುಮಗಳಾದರು. ಇವತ್ತು ಗಂಡಸರು ಹೆಂಗಸರು ಸಮನಾಗಿ ನಿಂತು ಬಾರಿಸುತ್ತಾರೆ. ದೇವರನ್ನು ನಂಬದವರೂ ಬಹಳ ಮಂದಿ ಇದ್ದಾರೆ.

ದೇಶದ ಸುಖದುಃಖಗಳೂ ಈ ಹಗ್ಗಗಳ ಮೂಲಕ ಹಾದುಹೋಗಿವೆ. ಮೊದಲ ಮಹಾಯುದ್ಧದಲ್ಲಿ ಸುಮಾರು 1,400 ರಿಂಗರ್‌ಗಳು ಸತ್ತರು. ಯುದ್ಧ ಮುಗಿದು ನೂರು ವರ್ಷವಾದಾಗ, 2018ರಲ್ಲಿ, ಅಷ್ಟೇ ಸಂಖ್ಯೆಯ ಹೊಸಬರನ್ನು ಸೇರಿಸಿಕೊಳ್ಳುವ ಪ್ರಯತ್ನ ನಡೆಯಿತು. ಎರಡನೇ ಮಹಾಯುದ್ಧದಲ್ಲಿ, 1940ರ ಜೂನ್‌ನಿಂದ, ಗಂಟೆಗಳಿಗೆ ನಿಷೇಧ. ಶತ್ರು ಸೈನ್ಯ ಇಳಿದರೆ ಮಾತ್ರ ಬಾರಿಸಬೇಕೆಂಬ ಆಜ್ಞೆ. ಈಜಿಪ್ಟಿನ ಎಲ್ ಅಲಮೇನ್ ಕಾಳಗದ ಗೆಲುವಿಗಾಗಿ 1942ರ ನವೆಂಬರ್ 15ರಂದು ಒಮ್ಮೆ ಬಾರಿಸಲು ಬಿಟ್ಟರು. ಸಾವಿಗೆ, ಯುದ್ಧಸ್ಮರಣೆಯ ದಿನಕ್ಕೆ ಬಾರಿಸುವ ರೀತಿ ಬೇರೆ. ಗಂಟೆಯ ನಾಲಿಗೆಯ ಒಂದು ಬದಿಗೆ ಚರ್ಮದ ಪಟ್ಟಿ ಕಟ್ಟುತ್ತಾರೆ. ಆಗ ಒಂದು ಸಾಲು ಸ್ಪಷ್ಟವಾಗಿ, ಮುಂದಿನ ಸಾಲು ಅದರದೇ ಮಸುಕಾದ ಪ್ರತಿಧ್ವನಿಯ ಹಾಗೆ ಕೇಳುತ್ತದೆ.

ಈಗಿನ ಚಿಂತೆ ಜನರದು. ಗೋಪುರಗಳಿವೆ, ಗಂಟೆಗಳಿವೆ, ಹಗ್ಗ ಹಿಡಿಯುವ ಕೈಗಳು ಸಾಲುತ್ತಿಲ್ಲ. ಲಂಡನ್ನಿನ ವೈಟ್‌ಚಾಪೆಲ್ ಎರಕದ ಮನೆ 2017ರಲ್ಲಿ ಬಾಗಿಲು ಹಾಕಿತು. ದೊಡ್ಡ ಎರಕದ ಮನೆಯಾಗಿ ಉಳಿದದ್ದು ಲಫ್‌ಬರೋದ್ದು. 2023ರಲ್ಲಿ ದೊರೆ ಚಾರ್ಲ್ಸ್‌ನ ಪಟ್ಟಾಭಿಷೇಕದ ನೆಪದಲ್ಲಿ ಹೊಸಬರನ್ನು ಕರೆದಾಗ ಸಾವಿರಾರು ಜನ ಮುಂದೆ ಬಂದರು. ಅವರಲ್ಲಿ ಎಷ್ಟು ಮಂದಿ ಹಗ್ಗ ಬಿಡದೆ ಉಳಿಯುತ್ತಾರೆ ಎನ್ನುವುದರ ಮೇಲೆ ಬಹಳಷ್ಟು ನಿಂತಿದೆ. ಒಂದು ಗೋಪುರದಲ್ಲಿ ಹೇಳಿಕೊಡುವವರು ಯಾರೂ ಇಲ್ಲದಂತಾದರೆ ಅಲ್ಲಿ ಮತ್ತೆ ಶುರು ಮಾಡುವುದು ಬಹಳ ಕಷ್ಟ. ಇದು ಕೈಯಿಂದ ಕೈಗೆ ಬರುವ ವಿದ್ಯೆ.

ಭಾರತದಲ್ಲೂ ಇಂಥ ಒಂದು ಜಾಗವಿದೆ. ಪುಣೆಯ ಪಂಚ ಹೌದ್‌ನ ಹೋಲಿ ನೇಮ್ ಚರ್ಚಿನ ಗೋಪುರದಲ್ಲಿ ಇಂಗ್ಲಿಷ್ ಪದ್ಧತಿಯಲ್ಲಿ ಚಕ್ರಕ್ಕೆ ಕಟ್ಟಿದ ಎಂಟು ಗಂಟೆಗಳಿವೆ.

ಇಂಗ್ಲೆಂಡಿನಲ್ಲಿ ಇರುವವರು, ಹೋಗುವವರು ಈ ಸದ್ದನ್ನು ಹೀಗೆ ಕೇಳಿ ನೋಡಿ. ಮೊದಲು ಅತಿ ಭಾರದ ಟೆನರನ್ನು ಗುರುತಿಸಿ. ಪ್ರತಿ ಸಾಲಿನ ಕೊನೆಗೂ ಅದೇ ಬಡಿಯುತ್ತಿದ್ದರೆ, ಮಿಕ್ಕ ಗಂಟೆಗಳು ಮಾತ್ರ ಸ್ಥಾನ ಬದಲಿಸುತ್ತಿವೆ ಎಂದರ್ಥ. ಅದೂ ಜಾಗ ಬದಲಿಸುತ್ತಿದ್ದರೆ ಎಲ್ಲ ಗಂಟೆಗಳೂ ಆಟದಲ್ಲಿವೆ. ಆಮೇಲೆ ಅತಿ ಹಗುರವಾದ ಟ್ರೆಬಲನ್ನು ಹಿಡಿಯಿರಿ. ಅದು ಮೆಟ್ಟಿಲು ಮೆಟ್ಟಿಲಾಗಿ ಹಿಂದೆ ಹೋಗಿ ಮುಂದೆ ಬರುವುದು ಸ್ವಲ್ಪ ಹೊತ್ತಿಗೆ ಕಿವಿಗೆ ಸಿಗುತ್ತದೆ. ಬಹುತೇಕ ಗೋಪುರಗಳಲ್ಲಿ ವಾರದಲ್ಲಿ ಒಂದು ಸಂಜೆ ಅಭ್ಯಾಸ ಇರುತ್ತದೆ. ಮೇಲೆ ಬಂದು ನೋಡಬಹುದಾ ಎಂದು ಕೇಳಿದರೆ ಸಾಮಾನ್ಯವಾಗಿ ಸಂತೋಷದಿಂದಲೇ ಕರೆಯುತ್ತಾರೆ. ಸುರುಳಿ ಮೆಟ್ಟಿಲು ಇಕ್ಕಟ್ಟಾಗಿರುತ್ತದೆ, ಹುಷಾರು. ಒಳಗೆ ಹೋದ ಮೇಲೆ ಗೋಡೆ ಪಕ್ಕ ಕೂತು, ಕಾಲು ನೆಲದ ಮೇಲೆ ಇಟ್ಟುಕೊಂಡು, ಯಾವ ಹಗ್ಗವನ್ನೂ ಮುಟ್ಟದೆ ನೋಡಿ. ಟ್ರೆಬಲ್ ಹಿಡಿದವರು ‘ಲುಕ್ ಟು’ ಎನ್ನುತ್ತಾರೆ, ಎಲ್ಲರೂ ಸ್ಯಾಲಿ ಹಿಡಿಯುತ್ತಾರೆ. ‘ಟ್ರೆಬಲ್ಸ್ ಗೋಯಿಂಗ್’ ಎಂದು ಹಗ್ಗ ಎಳೆಯುತ್ತಾರೆ. ಗಂಟೆ ಸಮತೋಲ ದಾಟಿದ ಕೂಡಲೇ ‘ಶೀ ಈಸ್ ಗಾನ್’. ಅಷ್ಟಾದ ಮೇಲೆ ಮೊದಲ ಬಡಿತ.